ಮುಗಿಯದ ಲೆಕ್ಕಕ್ಕೆ ಕಾವಲು ಕೂತ ದ್ಯಾವ

ಮಾದವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ದ್ಯಾವ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ಕಾಯಿಲೆ. ನಗಬೇಡಿ, ಮಾದವ್ವ ನಗುತ್ತಿರಲಿಲ್ಲ. ಅವಳಿಗೆ ಉಬ್ಬಸ ಹೆಚ್ಚಾಗಿತ್ತು. "ನಾನು ಕಣ್ಣು ಮುಚ್ಚೋದ್ರೊಳಗೆ ಇವ್ನು ಒಂದು ಕೆಲಸದಲ್ಲಿ ನಿಂತ್ರೆ ಸಾಕು ದೇವ್ರೇ" ಅಂತಿದ್ದಳು.

ಊರಾಚೆ ಗುಡ್ಡದ ಮೇಲೆ ಸೂಪರ್ ಕಂಪ್ಯೂಟರ್ ಕೂರಿಸಿದ್ದರು. ಬಳೆಯಾಗಲಿ, ಬಂಡಿಗಾಲಿಯಾಗಲಿ, ಸುತ್ತಳತೆ ಅಡ್ಡಳತೆಯ ಎಷ್ಟು ಪಟ್ಟು? ಮೂರು ಪಟ್ಟು, ಮೇಲೊಂದು ಚೂರು. ಆ ಚೂರಿನ ಅಂಕಿಗಳನ್ನ ಲೋಕದಲ್ಲಿ ಯಾರೂ ತೆಗೆಯದಷ್ಟು ದೂರ ತೆಗೀಬೇಕು ಅಂತ ಗಣಿತದ ಪದ್ಮನಾಭಯ್ಯನವರ ಹಟ. ಯಂತ್ರದ ಕಾವಲಿಗೆ ದ್ಯಾವ ಸೇರಿದ.

"ಯಂತ್ರ ಬಿಸಿಯಾದ್ರೆ ತಣ್ಣಗೆ ಮಾಡ್ಬೇಕು ಕಣೋ" ಅಂದರು ಅಯ್ಯನವರು. ಬಿಸಿಯಾಯಿತು. ದ್ಯಾವ ಎರಡು ಕೊಡ ನೀರು ಸುರಿದ! ವಾರದ ಎಣಿಕೆ ನೀರುಪಾಲು.

"ಅಯ್ಯೋ ಮಂಕೇ!" ಮಾದವ್ವ ಹಣೆ ಚಚ್ಚಿಕೊಂಡಳು. "ನೀರಲ್ಲ ಕಣ್ಲಾ, ಗಾಳಿ! ಬಿಸಿ ಕಂಡ್ರೆ ಕಿಟಕಿ ಬಾಗಿಲು ತೆಗಿ!"

"ಆಯ್ತು ಕಣವ್ವ."

ಮಾರನೇ ವಾರ ಅಯ್ಯನವರಿಗೆ ಬಿಸಿಬಿಸಿ ಕಾಫಿ ಬಂತು. ಹಬೆ ಕಂಡಿದ್ದೇ ತಡ, ದ್ಯಾವ ಕಿಟಕಿ ಬಾಗಿಲು ಎಲ್ಲಾ ತೆಗೆದ! ಧೂಳು ನುಗ್ಗಿತು, ಪಾರಿವಾಳ ನುಗ್ಗಿದವು, ಯಂತ್ರ ನಿಂತಿತು.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅಂದಳು ಮಾದವ್ವ. "ಬಾಗಿಲು ಹಾಕ್ಕೊಂಡು ಒಳಗಿರು. ಯಾರು ಬಂದ್ರೂ ತೆಗೀಬ್ಯಾಡ!"

"ಆಯ್ತು ಕಣವ್ವ."

ಕರೆಂಟು ಹೋಯಿತು. ಜನರೇಟರ್ ಹಾಕೋಕೆ ಅಯ್ಯನವರೇ ಓಡಿಬಂದು ಬಾಗಿಲು ಬಡಿದರು. "ಅವ್ವ ತೆಗೀಬ್ಯಾಡ ಅಂದವ್ಳೆ ಅಯ್ಯೋರೆ!" ಕೊನೆಗೆ ಮಾದವ್ವನನ್ನೇ ಕರೆಸಿದರು. "ಈಚೆಗೆ ಬಾರ್ಲಾ" ಅಂದಳು. ದ್ಯಾವ ಬಾಗಿಲು ತೆಗೆದು, ಈಚೆಗೆ ಬಂದು, ನೆಟ್ಟಗೆ ಮನೆಗೆ ನಡೆದುಬಿಟ್ಟ!

"ಇನ್ನೊಂದು ತಪ್ಪಾದ್ರೆ ಕೆಲಸದಿಂದ ತೆಗೀತೀನಮ್ಮ" ಅಂದರು ಅಯ್ಯನವರು. ಮಾದವ್ವನಿಗೆ ಜೀವ ಹೋದಂಗಾಯಿತು. "ಇನ್ಮೇಲೆ ಸ್ಟೂಲು ಬಿಟ್ಟು ಏಳಬ್ಯಾಡ ಕಣ್ಲಾ. ಲೆಕ್ಕ ಮುಗಿಯೋಗಂಟ ನಾನೇ ಬಂದು ಕರೆದ್ರೂ ಏಳಬ್ಯಾಡ!"

"ಆಯ್ತು ಕಣವ್ವ."

ಯಂತ್ರಕ್ಕೆ ಉಳಿದಿದ್ದು ಮೂರು ದಿನದ ಓಟ. ದ್ಯಾವ ಅಲ್ಲಾಡಲಿಲ್ಲ, ಒಂದು ತಪ್ಪೂ ಆಗಲಿಲ್ಲ. ವಿಶ್ವದಾಖಲೆ ಆಯಿತು. ಹಾರ ಹಾಕಿದರು, ಸಿಹಿ ಹಂಚಿದರು, ಯಂತ್ರ ನಿಲ್ಲಿಸಿದರು. ದ್ಯಾವ ಮಾತ್ರ ಏಳಲಿಲ್ಲ.

ಮಾದವ್ವ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದಳು. "ಮುಗೀತಲ್ಲ ಮಗಾ, ಮನೆಗೆ ಬಾ. ನಂಗೆ ಒಬ್ಬಳೇ ಇರೋಕೆ ಆಗ್ತಿಲ್ಲ."

"ಲೆಕ್ಕ ಮುಗೀತಾ ಅಯ್ಯೋರೆ?" ಅಂದ ದ್ಯಾವ.

ಮಾದವ್ವ ಕೈಮುಗಿದಳು. "ಮುಗೀತು ಅಂತ ಒಂದು ಮಾತು ಹೇಳ್ಬಿಡಿ ಸ್ವಾಮಿ."

ಅಯ್ಯನವರು ಬಾಯಿ ತೆರೆದರು. ಆದರೆ ಜೀವಮಾನದಲ್ಲಿ ಲೆಕ್ಕದ ವಿಷಯಕ್ಕೆ ಸುಳ್ಳು ಹೇಳಿದವರಲ್ಲ. "ದಾಖಲೆ ಆಯ್ತು ಕಣಮ್ಮ. ಲೆಕ್ಕ ಮುಗಿಯೋದಿಲ್ಲ. ಅದಕ್ಕೆ ಕೊನೆಯೇ ಇಲ್ಲ" ಅಂದುಬಿಟ್ಟರು. ಇಬ್ಬರಲ್ಲಿ ಯಾರು ಪೆದ್ದ, ನೀವೇ ಹೇಳಿ.

"ಕೇಳಿದ್ಯಾ ಅವ್ವ?" ದ್ಯಾವ ಇನ್ನಷ್ಟು ನೆಟ್ಟಗೆ ಕೂತ.

ಮಗ ಕೆಲಸದಲ್ಲಿ ನಿಂತಿದ್ದ. ಅವಳು ದೇವರನ್ನ ಕೇಳಿಕೊಂಡಿದ್ದೂ ಅದನ್ನೇ. ಮಾದವ್ವ ಕಣ್ಣೊರೆಸಿಕೊಂಡು, "ಒಸಿ ಜರುಗ್ಲಾ, ನಾನೂ ಕೂತ್ಕತೀನಿ" ಅಂದಳು.

"ಜರುಗಿದ್ರೆ ಎದ್ದಂಗಾಗಲ್ವಾ ಅವ್ವ?"

"ಆಯ್ತು ಕಣಪ್ಪ" ಅಂದಳು ಮಾದವ್ವ. ಅವನ ಕಾಲ ಹತ್ತಿರ ನೆಲದ ಮೇಲೆ ಕೂತು, ತಂದಿದ್ದ ಬುತ್ತಿ ಬಿಚ್ಚಿದಳು.