ಸೊಸೆದೊಣೆಗೆ ಆ ಹೆಸರು ಬಂದ ಬಗೆ

ಕಣಿವೆಹಾಳಿನಿಂದ ಬಡಗಣ ದಿಕ್ಕಿಗೆ ಹೋಗುವ ಬಂಡಿಜಾಡು ಗುಡ್ಡದ ಬುಡದಲ್ಲಿ ಮುಗಿಯುತ್ತದೆ. ಅಲ್ಲಿಂದ ಮೇಲೆ ಕಾಲುದಾರಿ. ಅರ್ಧ ಗುಡ್ಡ ಏರಿದ ಮೇಲೆ ಎರಡು ಹಾಸುಬಂಡೆಗಳ ನಡುವೆ ಒಂದು ದೊಣೆ ಸಿಗುತ್ತದೆ. ಬಂಡೆಯ ಸಂದಿನಲ್ಲಿ ತಾನಾಗಿ ನಿಂತ ನೀರು. ನಡುಬೇಸಿಗೆಯಲ್ಲೂ ತಳ ಕಾಣದು. ಇದಕ್ಕೆ ಸೊಸೆದೊಣೆ ಎಂದು ಹೆಸರು. ಅತ್ತೆಯ ಕಾಟ ತಾಳದೆ ಯಾವಳೋ ಸೊಸೆ ಇದರಲ್ಲಿ ಬಿದ್ದು ಸತ್ತಳೆಂದು ಬಸ್ಸಿನಲ್ಲಿ ಬಂದುಹೋಗುವವರು ಹೇಳುವುದುಂಟು. ಅದು ಶುದ್ಧ ಸುಳ್ಳು. ಸೊಸೆ, ದೊಣೆ ಎಂಬೆರಡು ಮಾತು ಒಟ್ಟಿಗೆ ಕಿವಿಗೆ ಬಿದ್ದೊಡನೆ ಹೆಣ ಹುಡುಕುವ ಸೋಮಾರಿ ಬುದ್ಧಿ ಅದು. ಇಲ್ಲಿ ಯಾರೂ ಸಾಯಲಿಲ್ಲ, ಒಬ್ಬಳು ಗೆದ್ದಳು. ಊರ ಹಿರಿಯರು ಹೇಳುತ್ತ ಬಂದದ್ದು ಹೀಗೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲಕ್ಕೂ ಮೊದಲು ಎನ್ನುತ್ತಾರೆ, ಕಣಿವೆಹಾಳಿನ ಕೆಂಚವ್ವ ಎಂಬ ಗಟ್ಟಿಗಿತ್ತಿಯ ಮನೆಗೆ ದೂರದ ಎರೆಸೀಮೆಯಿಂದ ಸಂಕವ್ವ ಸೊಸೆಯಾಗಿ ಬಂದಳು. ಎರೆಸೀಮೆಯೆಂದರೆ ಕಣ್ಣು ಹಾಯುವಷ್ಟೂ ಕರಿಹೊಲ. ಮರವೆಂದರೆ ಊರ ಮುಂದಿನ ಬೇವು, ಹಳ್ಳದ ದಂಡೆಯ ಜಾಲಿ, ಅಷ್ಟೆ. ಒಲೆಗೆ ಸಗಣಿಯ ಕುಳ್ಳು. ಗುಡ್ಡದ ಸೌದೆಯ ಗುಣ ಅವಳಿಗೇನು ಗೊತ್ತು? ಬಂದ ಹೊಸತರಲ್ಲೇ ಕಾಡುಗೇರಿನ ಕೊಂಬೆ ಮುರಿದು ತಂದು ಒಲೆಗೆ ಒಟ್ಟಿದಳು. ಅದರ ಹೊಗೆ ತಾಗಿದರೆ ಮೈ ಬಾತುಕೊಳ್ಳುತ್ತದೆ. ಮರುದಿನ ಕೆಂಚವ್ವನ ಮುಖ ಕುಂಬಳಕಾಯಿಯಾಗಿತ್ತು.

"ನಿಮ್ಮ ಸೀಮೆಯಾಗ ಕುಳ್ಳಿಗೂ ತೊಗಟೆ ಇರ್ತೈತೇನೇ? ಎಮ್ಮಿ ಹಾಕಿದ್ದು ಯಾವುದು, ಮರದಾಗ ಬೆಳೆದದ್ದು ಯಾವುದು, ಅಷ್ಟಾದರೂ ನೋಡಿ ಒಲಿಗಿಡು," ಎಂದು ಅತ್ತೆ ಬಾತು ಮುಚ್ಚಿದ ಕಣ್ಣಿನಲ್ಲೇ ಕೇರಿಗೆಲ್ಲ ಕೇಳುವಂತೆ ಜಾಡಿಸಿದಳು. ಕೇರಿ ನಕ್ಕಿತು. ಸುದ್ದಿ ಗುಡ್ಡದಾಚೆಯ ಅರೆಗುಂಡಿಗೂ ಮುಟ್ಟಿ ಅಲ್ಲಿಯವರೂ ನಕ್ಕರು.

ಸಂಕವ್ವ ಅಳುತ್ತ ಕೂರುವ ಪೈಕಿಯಲ್ಲ. ಇನ್ನೊಮ್ಮೆ ತಪ್ಪಬಾರದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಸೌದೆ ಆಯುವುದು ಎಲೆಯುದುರಿದ ಕಾಲದಲ್ಲಿ. ಆಗ ಎಲೆಯ ನೆರವಿಲ್ಲ, ಹೂವಿನ ನೆರವಿಲ್ಲ. ಹಾಗಾಗಿ ಅವಳು ಬೋಳುಮರಗಳನ್ನೇ ಬೆರಳಿನಿಂದ ತಡವಿ, ಕಡ್ಡಿ ಮುರಿದು, ಮೂಸಿ ಕಲಿತಳು. ಮತ್ತಿಯ ತೊಗಟೆ ಬತ್ತಿದ ಕೆರೆಯಂಗಳದಂತೆ ಚೌಕಚೌಕವಾಗಿ ಬಿರಿದಿರುತ್ತದೆ. ದಿಂಡಿಗದ ಮೈ ವಿಭೂತಿ ಬಳಿದಂತೆ ಬೆಳ್ಳಗೆ, ನುಣ್ಣಗೆ. ಮುದಿ ಬೂರುಗದ ಬುಡದಲ್ಲಿ ಮುಳ್ಳು ಸವೆದುಹೋಗಿದ್ದರೂ ಎಳೆಯ ರೆಂಬೆಯಲ್ಲಿ ಇದ್ದೇ ಇರುತ್ತದೆ. ಯಾವ ಮೊಗ್ಗು ಚೂಪು, ಯಾವುದು ಮೊಂಡು, ಯಾವುದಕ್ಕೆ ರೋಮವಿದೆ ಎಂಬುದೆಲ್ಲ ಅವಳ ಬೆರಳ ತುದಿಗೆ ಬಂತು. ಮಳೆ ಬಿದ್ದು ಮರಗಳೆಲ್ಲ ಎಲೆ ಉಟ್ಟಾಗ ಅವಳಿಗೇ ಗುರುತು ಸಿಗದೆ, ಬುಡದ ಬಳಿ ಹೋಗಿ ತೊಗಟೆ ಮುಟ್ಟಿ ಮಾತಾಡಿಸುತ್ತಿದ್ದಳಂತೆ.

ಹೀಗಿರುವಾಗ ಅರೆಗುಂಡಿಯ ತಿರುಕಪ್ಪಗೌಡ ದೊಣೆ ತಮ್ಮದೆಂದು ಎದ್ದುನಿಂತ. ಚಳಿಗಾಲ ಕಳೆದ ಮೇಲೆ ಕಣಿವೆಹಾಳಿನ ಜನಕ್ಕೂ ದನಕ್ಕೂ ಆ ದೊಣೆ ಬಿಟ್ಟರೆ ಬೇರೆ ನೀರಿಲ್ಲ. ಅದು ಹೋದರೆ ಊರೇ ಗುಳೆ ಎದ್ದಂತೆ. ಗಡಿಯ ಮಾತು ಎರಡೂ ಊರಿನವರ ಬಾಯಲ್ಲಿ ಒಂದೇ: ಮತ್ತಿಯಿಂದ ದಿಂಡಿಗಕ್ಕೆ, ದಿಂಡಿಗದಿಂದ ಬೂರುಗಕ್ಕೆ, ಬೂರುಗದಿಂದ ಹೊನ್ನೆಗೆ, ಹೊನ್ನೆಯಿಂದ ಹಳ್ಳಕ್ಕೆ. ಆದರೆ ಆ ಹೊನ್ನೆ ಯಾವುದು? ದೊಣೆಯ ಆಚೆಗಿರುವುದು ಎಂದು ಇವರು, ಈಚೆಗಿರುವುದು ಎಂದು ಅವರು. ಆಚೆಯದಾದರೆ ದೊಣೆ ಕಣಿವೆಹಾಳಿಗೆ, ಈಚೆಯದಾದರೆ ಅರೆಗುಂಡಿಗೆ. ಇಂಥ ಜಗಳಕ್ಕೆ ಆ ಸೀಮೆಯಲ್ಲಿ ಇದ್ದದ್ದು ಒಂದೇ ತೀರ್ಪು. ಒಬ್ಬರು ತಲೆಯ ಮೇಲೆ ಹಸಿಮಣ್ಣಿನ ಹೆಂಟೆ ಹೊತ್ತು ಗಡಿ ನಡೆಯಬೇಕು. ಸರಿಯೋ ತಪ್ಪೋ, ಅವರು ನಡೆದದ್ದೇ ಗಡಿ. ಹೆಂಟೆಗೆ ಕೈ ಕೊಡಬಾರದು, ಅದು ಉರುಳಬಾರದು. ಹಿಂದೆ ಬರುವವರು ತುಟಿ ಬಿಚ್ಚಬಾರದು, ಬೆರಳು ತೋರಬಾರದು. ಹೊರುವವರು ಎರಡೂ ಊರಲ್ಲಿ ಹುಟ್ಟಿದವರಾಗಿರಬಾರದು. ಆ ಎರಡು ಊರುಗಳಲ್ಲಿ ಹೆಣ್ಣು ಕೊಟ್ಟು ತರುವುದು ತಮ್ಮತಮ್ಮಲ್ಲೇ. ಹೊರಗೆ ಹುಟ್ಟಿದವಳು ಸಂಕವ್ವ ಒಬ್ಬಳೇ.

ಅವಳನ್ನು ಮುಂದೆ ತಳ್ಳಿದವಳು ಬೇರಾರೂ ಅಲ್ಲ, ಕೆಂಚವ್ವ. ತಿರುಕಪ್ಪಗೌಡ ಹೊಟ್ಟೆ ಹಿಡಿದು ನಕ್ಕ. "ನಿಮ್ಮೂರ ಸೊಸಿ ಆದ್ರೂ ಒಪ್ಪಿದೆ ಕೆಂಚವ್ವಾ. ನಿನ್ನ ಮುಖ ಬಾತದ್ದು ನಮ್ಮೂರಿನ ಕೂಸಿಗೂ ಗೊತ್ತೈತಿ."

"ಬಾತದ್ದು ನನ್ನ ಮುಖ ಗೌಡಾ, ಅವಳ ತಲಿ ಅಲ್ಲ. ದಿನ ಹೇಳು."

ಗೌಡ ಮಾಘಮಾಸ ಎಂದ. ಗುಡ್ಡದಲ್ಲಿ ಒಂದು ಎಲೆಯೂ ಇರದ ಕಾಲ.

ಆ ದಿನ ಸಂಕವ್ವ ಸೆರಗು ಬಿಗಿದು ಹೆಂಟೆ ಹೊತ್ತಳು. ಎರಡೂ ಊರು ಹಿಂದೆ ನಡೆಯಿತು. ತಲೆಯ ಮೇಲೆ ಹಸಿಮಣ್ಣು ಇಟ್ಟುಕೊಂಡವರು ಕತ್ತು ಎತ್ತುವಂತಿಲ್ಲ. ಮರದ ನೆತ್ತಿ ಕಾಣುವುದೇ ಇಲ್ಲ, ಕಾಣುವುದೆಲ್ಲ ಆಳೆತ್ತರದ ಬೊಡ್ಡೆ. ಬೇರೆ ಯಾರೇ ಆಗಿದ್ದರೂ ಅಲ್ಲಿಯೇ ಸೋಲುತ್ತಿದ್ದರು. ಅವಳು ಮತ್ತಿಗೆ ಅಂಗೈ ಒತ್ತಿ ಮುಂದಕ್ಕೆ ಹೋದಳು, ದಿಂಡಿಗವನ್ನು ಸವರಿ ಮುಂದಕ್ಕೆ ಹೋದಳು, ಬೂರುಗದ ರೆಂಬೆಯ ಮುಳ್ಳು ಬೆರಳಿಗೆ ಚುಚ್ಚಿಸಿಕೊಂಡು ದೊಣೆಯತ್ತ ತಿರುಗಿದಳು. ದೊಣೆಯ ಈಚೆಗೆ ಒಂದು ಮರ. ಬೊಡ್ಡೆಯಲ್ಲಿ ಹೊಸ ಕೊಡಲಿಯೇಟು, ಅದರಿಂದ ಇಳಿದ ಕಡುಗೆಂಪು ಅಂಟು. ಕಡಿದರೆ ನೆತ್ತರು ಸುರಿಸುವುದು ಹೊನ್ನೆ ಎಂಬುದು ಎಲ್ಲರೂ ಬಲ್ಲ ಮಾತು. ಸಂಕವ್ವ ನಿಂತಳು. ಕಣಿವೆಹಾಳಿನ ಮುದುಕರು ತಲೆಯೆತ್ತಿ ಆ ಮರದ ನೆತ್ತಿಯಲ್ಲಿ ಕಟ್ಟಿದ್ದ ಕಪ್ಪು ಮೊಗ್ಗಿನ ಗೊಂಚಲು ನೋಡಿದರು. ಅದು ಮುತ್ತುಗ. ಕಡಿದರೆ ಮುತ್ತುಗಕ್ಕೂ ಕೆಂಪೇ ಬರುವುದು. ಏಟು ಹಾಕಿಸಿದ್ದು, ಕೈಗೆಟಕುವ ಕೊಂಬೆಗಳನ್ನೆಲ್ಲ ಕಡಿಸಿದ್ದು ತಿರುಕಪ್ಪಗೌಡ. ಕೂಗುವಂತಿಲ್ಲ, ಕೆಂಚವ್ವ ಸೆರಗು ಬಾಯಿಗೆ ತುರುಕಿಕೊಂಡಳು.

ಸಂಕವ್ವ ಅಂಟಿಗೆ ಬೆರಳು ಹಚ್ಚಿದಳು. ಅಷ್ಟು ಸಾಲದೆನಿಸಿತು. ಕಡ್ಡಿ ಮುಟ್ಟದೆ ಅವಳು ಇದುವರೆಗೆ ಒಂದು ಮರವನ್ನೂ ನಂಬಿದವಳಲ್ಲ. ಬುಡದಲ್ಲಿ ಮೊಣಕಾಲೆತ್ತರಕ್ಕೆ ಒಂದು ಕವಲು, ಗೌಡನ ಆಳುಗಳ ಕಣ್ಣು ತಪ್ಪಿ ಉಳಿದಿತ್ತು. ಬೆನ್ನು ಬಾಗಿಸದೆ, ತುಂಬಿದ ಕೊಡ ಇಳಿಸುವ ಹಾಗೆ, ಮಂಡಿ ಮಡಿಸಿ ಕುಳಿತಳು. ಹೆಂಟೆ ಬಿರಿದು ಹುಡಿ ಹೆಗಲಿಗೆ ಉದುರಿತು; ಉರುಳಲಿಲ್ಲ. ಕವಲನ್ನು ಬೆರಳಲ್ಲಿ ಹಿಡಿದಳು. ದಪ್ಪ ಕಡ್ಡಿ, ಎಳೆಗರುವಿನ ಕಿವಿಯಂಥ ರೋಮ. ಹೊನ್ನೆಯ ಕಡ್ಡಿ ಸಪೂರ, ಮೈ ನುಣುಪು. ಅವಳ ತುಟಿಯಂಚಿನಲ್ಲಿ ನಗೆ ಮೂಡಿತು. ಹಾಗೆಯೇ ಎದ್ದಳು, ಮುತ್ತುಗಕ್ಕೆ ಬೆನ್ನು ಹಾಕಿದಳು, ದೊಣೆಯನ್ನು ಬಳಸಿ ಆಚೆಗೆ ನಡೆದಳು. ಅಲ್ಲಿ ಏಟು ತಿನ್ನದೆ, ನೆತ್ತರು ತೋರದೆ ನಿಂತಿದ್ದ ಒರಟು ತೊಗಟೆಯ ಮರದ ಜೋಲುಕೊಂಬೆಯನ್ನು ಬೆರಳಲ್ಲಿ ಎಳೆದು ನೋಡಿ, ಅಂಗೈಯಿಂದ ಬೊಡ್ಡೆ ತಟ್ಟಿ, ನೇರ ಹಳ್ಳಕ್ಕೆ ಇಳಿದಳು. ಹೆಂಟೆ ನೆಲ ಮುಟ್ಟಿದ್ದೇ ತಡ, ಕಣಿವೆಹಾಳಿನವರು ಹಾಕಿದ ಕೇಕೆಗೆ ಗುಡ್ಡದ ನವಿಲುಗಳು ಎದ್ದು ಹಾರಿದವಂತೆ.

"ನೆತ್ತರು ಕಂಡೂ ಯಾಕ ತಿರುಗಿದಿ ತಂಗೀ?" ಎಂದ ಗೌಡ, ಬಣ್ಣಗೆಟ್ಟ ಮುಖದಲ್ಲಿ.

"ನೆತ್ತರು ಎಲ್ಲರದೂ ಕೆಂಪೇ ಗೌಡ್ರೇ. ಮನೆತನ ಕೇಳಬೇಕಾದ್ದು ಕಡ್ಡೀನ."

ಕೆಂಚವ್ವ ಸೊಸೆಯ ಹೆಗಲಿನ ಮಣ್ಣು ಒರೆಸಿ, ಎರಡೂ ಊರಿಗೆ ಕೇಳುವಂತೆ ಹೇಳಿದಳು: "ಇವತ್ತಿಂದ ಇದು ನನ್ನ ಸೊಸಿ ದೊಣಿ. ನೀರು ಬೇಕಾದವರು ಇವಳನ್ನ ಕೇಳಿ ತುಂಬಿಕೊಳ್ರಿ." ಮೊದಲು ಕೇಳಿದ್ದು ಅರೆಗುಂಡಿಯ ಹೆಂಗಸರು, ಸಂಕವ್ವ ಇಲ್ಲವೆನ್ನಲಿಲ್ಲ. ಅವಳ ಕೈಯನ್ನು ಗುಡ್ಡದವ್ವನೇ ಹಿಡಿದು ನಡೆಸಿದಳು ಎನ್ನುವವರೂ ಇದ್ದಾರೆ. ದೇವಿಗೆ ಸಲ್ಲಬೇಕಾದ್ದು ದೇವಿಗೆ ಸಲ್ಲಲಿ. ಕಲಿತ ಕೈಗೆ ಸಲ್ಲಬೇಕಾದ್ದನ್ನು ಕಸಿದುಕೊಳ್ಳುವುದು ನ್ಯಾಯವಲ್ಲ.

ಈಗ ಹೋದವರಿಗೆ ಹಳೆಯ ಮುತ್ತುಗ ಕಾಣದು, ಹೊನ್ನೆಯೂ ಕಾಣದು. ಆದರೆ ಹಳ್ಳದ ದಂಡೆಯಲ್ಲಿ, ಸಂಕವ್ವ ಹೆಂಟೆ ಇಳಿಸಿದ ಜಾಗದಲ್ಲಿ, ಎದೆಯೆತ್ತರದ ಮಣ್ಣಿನ ದಿಬ್ಬವೊಂದಿದೆ. ಸಂಕವ್ವನ ಬಳಿಕ ಹೊರಸೀಮೆಗಳಿಂದ ಕಣಿವೆಹಾಳಿಗೆ ಹೊಸದಾಗಿ ಬಂದ ಪ್ರತಿ ಸೊಸೆಯೂ ತವರಿನ ಒಂದು ಹಿಡಿ ಮಣ್ಣು ತಂದು ಅದರ ಮೇಲೆ ಹಾಕಿ, ಆಮೇಲೆ ದೊಣೆಗೆ ಹೋಗಿ ಮೊದಲ ಕೊಡ ತುಂಬುತ್ತಾಳೆ. ಕೆಮ್ಮಣ್ಣು, ಮರಳು, ಸುಣ್ಣದ ಬಿಳಿ, ಎಲ್ಲ ಒಂದರ ಮೇಲೊಂದು ಪಟ್ಟೆಪಟ್ಟೆಯಾಗಿ ಬಿದ್ದಿವೆ. ದಿಬ್ಬದ ಬುಡ ಮಾತ್ರ ಇಂದಿಗೂ ಕಪ್ಪು.