ಎಚ್ಚರ ತಪ್ಪುವ ನ್ಯಾಯಾಧೀಶ

ಮೋಟಾರು ತಿರುಗಿದಾಗಲೆಲ್ಲ ಸರ್ಕ್ಯೂಟ್ ಬೋರ್ಡಿಗೆ ಎಚ್ಚರ ತಪ್ಪುತ್ತಿತ್ತು. ಮೋಟಾರು ನಿಂತರೆ ಎಚ್ಚರವಾಗುತ್ತಿತ್ತು. ಬೇಸತ್ತ ಬೋರ್ಡು ಒಂದು ದಿನ ವಿಚಾರಣೆಗೆ ಕೂತಿತು.

"ನನಗೆ ಬರಬೇಕಾದ ಕರೆಂಟು ಎಲ್ಲಿ ಹೋಗುತ್ತಿದೆ?"

"ಮಹಾಸ್ವಾಮಿ, ನಾನು ನನ್ನ ಪಾಲನ್ನಷ್ಟೇ ಕೇಳುತ್ತೇನೆ," ಎಂದಿತು ಮೋಟಾರು. "ಈ ಕೇಬಲ್ಲು ತೀರಾ ಬಡಕಲು. ನಮ್ಮಿಬ್ಬರಿಗೂ ಸಾಲುವಷ್ಟು ತಂದುಕೊಡಲು ಅದರ ಕೈಲಾಗುವುದಿಲ್ಲ."

"ಸುಳ್ಳು! ಬೇಕಾದರೆ ಮೀಟರನ್ನು ಕೇಳಿ," ಎಂದಿತು ಕೇಬಲ್ಲು.

ಮೀಟರು ತನ್ನ ಕಡ್ಡಿಗಳನ್ನು ಕೇಬಲ್ಲಿನ ತುದಿಗೆ ತಾಗಿಸಿ ನೋಡಿತು. "ಪೂರ್ತಿ ಐದು ವೋಲ್ಟು ಬರುತ್ತಿದೆ. ಆದರೆ ಈಗ ಮೋಟಾರು ಸುಮ್ಮನಿದೆ. ಅದು ತಿರುಗುವಾಗ ಅಳೆಯಬೇಕು."

"ಆಗಲಿ, ತಿರುಗಲಿ," ಎಂದು ಬೋರ್ಡು ಅಪ್ಪಣೆ ಕೊಟ್ಟಿತು.

ಮೋಟಾರು ತಿರುಗಿತು. "ನೋಡಿ, ಮೂರಕ್ಕೆ ಇಳಿಯಿತು! ತಪ್ಪು ಕೇಬಲ್ಲಿನದೇ!" ಎಂದು ಮೀಟರು ಕೂಗಿತು. ಕೇಳಿಸಿಕೊಳ್ಳಬೇಕಾದ ಬೋರ್ಡಿಗೆ ಅಷ್ಟರಲ್ಲೇ ಎಚ್ಚರ ತಪ್ಪಿತ್ತು. ಅಪ್ಪಣೆ ಕೊಡುವವರಿಲ್ಲದೆ ಮೋಟಾರು ನಿಂತಿತು.

ಬೋರ್ಡು ಕಣ್ಣು ಬಿಟ್ಟಿತು. "ಈಗ ಎಷ್ಟಿದೆ?"

"ಈಗ ಐದೇ ಇದೆ ಮಹಾಸ್ವಾಮಿ, ಆದರೆ..."

"ಸಾಕು. ಮೋಟಾರನ್ನು ಕಿತ್ತುಹಾಕಿ," ಎಂದಿತು ಬೋರ್ಡು. "ನಾನು ಎಚ್ಚರವಿದ್ದಾಗ ಈ ಕೇಬಲ್ಲು ಒಮ್ಮೆಯೂ ತಪ್ಪು ಮಾಡಿದ್ದನ್ನು ಕಂಡಿಲ್ಲ."