ಕೋತಿಯಲ್ಲವೆಂದು ಕೂಗಿ ತೋರಿಸಿ

ಒಂದು ಕಾಡಿನಲ್ಲಿ ಒಂದು ಜಾಲತಾಣವಿತ್ತು. ಬಸರಿ ಮರದ ಬುಡದಲ್ಲಿದ್ದ ಕಂಪ್ಯೂಟರಿನಲ್ಲಿ ಅದು ಕಾಣುತ್ತಿತ್ತು. ಕರೆಂಟು ಮಿಂಚುಹುಳಗಳದ್ದು. ನಂಬದವರು ಹೋಗಿ ನೋಡಿ ಬರಬಹುದು. ಕಾಡು ಈಗ ಅಲ್ಲಿಲ್ಲ, ಅಷ್ಟೇ.

ಡಾಕ್ಟರ್ ಕರಡಿಯ ಗುಹೆಯ ಮುಂದೆ ಮೊದಲೆಲ್ಲ ನೂಕುನುಗ್ಗಲು. ಸಾಲಿನಲ್ಲಿ ಹಿಂದೆ ಹುಲಿ ಬಂದು ನಿಂತರೆ ಜಿಂಕೆಗೆ ತನ್ನ ಕಾಯಿಲೆಯೇ ಮರೆತುಹೋಗುತ್ತಿತ್ತು. ಹಾಗಾಗಿ ಜಾಲತಾಣದಲ್ಲಿ ಹೆಸರು ಬರೆಸಿ, ಚೀಟಿ ಪಡೆದೇ ಬರಬೇಕೆಂದು ಕರಡಿ ಕಟ್ಟುನಿಟ್ಟು ಮಾಡಿತು. ಅದನ್ನು ನೋಡಿಕೊಳ್ಳುವ ಕೆಲಸ ನರಿ ಕೆಂಚಣ್ಣನ ಪಾಲಿಗೆ ಬಂತು.

ಕೆಲಸ ಸುಲಭವಾಗಿದ್ದರೆ ತನ್ನನ್ನು ಯಾರೂ ಮೂಸಿ ನೋಡುವುದಿಲ್ಲ ಎಂದು ಕೆಂಚಣ್ಣ ಮೊದಲ ದಿನವೇ ಕಂಡುಕೊಂಡ. 'ಮುಂದೆ' ಎಂಬ ಬಟನ್ನನ್ನು ಹುಲ್ಲಿನ ಚಿತ್ರದ ಮೇಲೆ ಹುಲ್ಲಿನ ಬಣ್ಣದಲ್ಲೇ ಇಟ್ಟ. 'ಎಲ್ಲ ಅಳಿಸು' ಎಂಬುದನ್ನು ಕೆಂಪಗೆ, ಹಲಸಿನ ಹಣ್ಣಿನಷ್ಟು ದೊಡ್ಡದಾಗಿ ಇಟ್ಟ. ರೋಗಿಯ ಅಜ್ಜಿಯ ಬಾಲದ ಉದ್ದವನ್ನೂ ಕೇಳಿದ. ಕೋತಿಗಳು ಸುಮ್ಮನೆ ಬಂದು ಒತ್ತುತ್ತವೆಂದು ನೆಪ ಹೇಳಿ, ಕೊನೆಯಲ್ಲಿ 'ನೀವು ಕೋತಿಯಲ್ಲವೆಂದು ನಿಮ್ಮ ದನಿಯಲ್ಲಿ ಕೂಗಿ ತೋರಿಸಿ' ಎಂದು ಬರೆದ. ಕೋತಿಗೆ ಕಾಯಿಲೆ ಬಂದರೆ ಏನು ಗತಿ ಎಂದು ಯಾರೋ ಕೇಳಿದರು. ಅದನ್ನು ಮುಂದಿನ ವರ್ಷ ನೋಡೋಣ ಎಂದ.

ಒದ್ದಾಡಿ ಸೋತವರಿಗೆ ತಾನೇ ತುಂಬಿಕೊಡುತ್ತಿದ್ದ. ಅದಕ್ಕೊಂದು ಮೀನು.

ಮೊಲ ಬೆಳ್ಳಕ್ಕನ ಮರಿಗೆ ಕಿವಿ ಊದಿತ್ತು. ಮೂರು ದಿನ ಒತ್ತಿದಳು, ಮೂರು ದಿನವೂ ಎಲ್ಲ ಅಳಿಸಿಹೋಯಿತು. ನಾಲ್ಕನೆಯ ದಿನ ಕೂಗುವ ಹಂತ ತಲುಪಿದಳು. ಮೊಲಕ್ಕೆ ಹೇಳಿಕೊಳ್ಳುವಂಥ ಕೂಗೇ ಇಲ್ಲ.

"ಓದಿ ಒತ್ತಬೇಕು ಕಣಮ್ಮ, ನೋಡಿ ಒತ್ತಬೇಕು," ಎಂದ ಕೆಂಚಣ್ಣ.

ಅವಳು ನೀರುನಾಯಿಯ ಮರಿಗಳನ್ನು ಎರಡು ದಿನ ಆಡಿಸಿ, ಒಂದು ಮೀನು ಸಂಪಾದಿಸಿ ತಂದುಕೊಟ್ಟಳು. ಚೀಟಿ ಸಿಕ್ಕಿತು. ಕೆಂಚಣ್ಣ ಮೀನನ್ನು ಅಲ್ಲೇ ನುಂಗಿದ. ಮುಳ್ಳು ಗಂಟಲಿಗೆ ಅಡ್ಡ ಸಿಕ್ಕಿತು.

ಗುಹೆಗೆ ಓಡಿದ. ಬಾಗಿಲು ಕಾಯುತ್ತಿದ್ದ ಮುಳ್ಳುಹಂದಿ ಚೀಟಿ ಕೇಳಿತು. ವಾಪಸು ಓಡಿ ಬಂದು ಒತ್ತತೊಡಗಿದ. ಕಣ್ಣಲ್ಲಿ ನೀರು, ಹುಲ್ಲಿನಲ್ಲಿ ಹುಲ್ಲಿನ ಬಣ್ಣದ 'ಮುಂದೆ' ಕಾಣಲಿಲ್ಲ. ಕಂಡಿದ್ದು ಕೆಂಪು ಬಟನ್. ಎರಡು ಸಲ ಎಲ್ಲವೂ ಅಳಿಸಿಹೋಯಿತು. ಮೂರನೆಯ ಸಲ ಕೊನೆ ಮುಟ್ಟಿದ. ಊಳಿಡಲು ಬಾಯಿ ತೆರೆದ. 'ಕಿಚ್' ಎಂದು ಹೊರಟಿತು.

'ನೀವು ಕೋತಿ. ನಾಳೆ ಬನ್ನಿ,' ಎಂದು ತೆರೆಯ ಮೇಲೆ ಮೂಡಿತು.

ಬೆಳ್ಳಕ್ಕ ಗುಹೆಗೆ ಹೊರಡಲು ಮರಿಯನ್ನು ಬೆನ್ನಿಗೆ ಕಟ್ಟಿಕೊಂಡು ಅಲ್ಲೇ ನಿಂತಿದ್ದಳು.

"ಓದಿ ಒತ್ತಬೇಕು ಕಣಣ್ಣ," ಎಂದಳು. ಆಮೇಲೆ ಅವನ ನೀಲಿಗಟ್ಟಿದ ಮೂತಿ ನೋಡಿ ಚೀಟಿ ಮುಂದೆ ಹಿಡಿದಳು. "ತಗೋ. ಮರಿಯ ಕಿವಿ ಇನ್ನೊಂದು ದಿನ ತಡೆಯುತ್ತೆ. ನೀನು ತಡೆಯೋ ಹಾಗೆ ಕಾಣಲ್ಲ."

ಕರಡಿ ಮುಳ್ಳು ಕಿತ್ತಿತು. ತಿಂಗಳಿಂದ ರೋಗಿಗಳು ಬೆರಳೆಣಿಕೆಯಷ್ಟೇ, ಕಾಡಿನ ಆರೋಗ್ಯ ಸುಧಾರಿಸಿದೆ ಎಂದುಕೊಂಡಿದ್ದೆ ಅಂತ ಹೆಮ್ಮೆಯಿಂದ ಹೇಳಿಕೊಂಡಿತು. ಹೊರಗಿದ್ದ ಬೆಳ್ಳಕ್ಕ ಬಾಗಿಲಿಂದಲೇ ನಡೆದದ್ದೆಲ್ಲ ಹೇಳಿದಳು. ಕರಡಿ ಅವಳನ್ನು ಒಳಗೆ ಕರೆಯಿತು. ಚೀಟಿ ಕೇಳದೆ ಮರಿಯ ಕಿವಿ ನೋಡಿ ಮದ್ದು ಹಾಕಿತು. ಆಮೇಲೆ ಕೆಂಚಣ್ಣನಿಗೆ ಪಥ್ಯ ಹೇಳಿತು: ಹದಿನೈದು ದಿನ ಮಾತಾಡಕೂಡದು. ಬಸರಿ ಮರದಡಿ ಕೂತು, ಬಂದವರು ಒತ್ತುವುದನ್ನು ಸುಮ್ಮನೆ ನೋಡಬೇಕು. ಯಾರ ಕೈ ಎಲ್ಲಿ ತಡವರಿಸುತ್ತದೋ ಅಲ್ಲಿ ಅಂದೇ ಸರಿಮಾಡಬೇಕು.

ಕೆಂಚಣ್ಣ ನೋಡಿದ. ಮೊದಲ ದಿನ ಅಜ್ಜಿಯ ಬಾಲ ಹೋಯಿತು. ಮೂರನೆಯ ದಿನ ಕೂಗು ಹೋಯಿತು. ಆಮೆಯ ಕಾಲು ನಡುಗುವುದು ಕಂಡು 'ಮುಂದೆ' ದೊಡ್ಡದಾಯಿತು. ಕೊನೆಗೆ ಉಳಿದದ್ದು ಮೂರೇ ಪ್ರಶ್ನೆ: ಯಾರು, ಎಲ್ಲಿ ನೋವು, ಯಾವಾಗ ಬರುತ್ತೀರಿ.

ಹದಿನಾರನೆಯ ದಿನ ಅವನಿಗೆ ದನಿ ಬಂತು. ಹೇಳುವುದು ಬಹಳವಿತ್ತು. ಮುದಿ ಕೋತಿಯೊಂದು ಬಂತು, ಮೂರು ಸಲ ಒತ್ತಿತು, ಚೀಟಿ ಹಿಡಿದು ಹೊರಟುಹೋಯಿತು. ಅವನನ್ನು ಏನೂ ಕೇಳಲೇ ಇಲ್ಲ.

ನೀತಿ: ಬಳಸುವವರಿಗೆ ಸುಲಭವಾಗುವಂತೆ ಕೆಲಸ ಮಾಡಬೇಕು, ಬೇರೆಯವರಿಗೆಂದು ಕಟ್ಟಿದ ತೊಡಕಿಗೆ ಒಂದು ದಿನ ಕಟ್ಟಿದವನೇ ಸಿಕ್ಕಿಬೀಳುತ್ತಾನೆ.